50 ಡಿಗ್ರಿಯಲ್ಲಿ ಪರ್ಸಲ್ಫೇಟ್ ಸಾಕೇ?

ಲ್ಯಾಟೆಕ್ಸ್ ಹೊಸಬ: ಸ್ಟೈರೀನ್, ಬ್ಯೂಟೈಲ್ ಅಕ್ರಿಲೇಟ್ ಎಂಬ ಮೊನೊಮರ್‌ಗಳನ್ನು (ಪಾಲಿಮರ್ ಸರಪಳಿಯ ಬಿಡಿ ಕೊಂಡಿಗಳು) ಸೇರಿಸಿ ಲ್ಯಾಟೆಕ್ಸ್, ಅಂದರೆ ನೀರಿನಲ್ಲಿ ಹರಡಿದ ಸಣ್ಣ ಪಾಲಿಮರ್ ಕಣಗಳ ದ್ರವ, ಮಾಡುತ್ತಿದ್ದೇನೆ. ಇನಿಷಿಯೇಟರ್ (ಕ್ರಿಯೆ ಶುರುಮಾಡುವ ವಸ್ತು) ಪೊಟ್ಯಾಸಿಯಂ ಪರ್ಸಲ್ಫೇಟ್, ಉಷ್ಣತೆ 50 ಡಿಗ್ರಿ ಸೆಲ್ಸಿಯಸ್. ಸಂಜೆಯಾದರೂ ಕನ್ವರ್ಷನ್ (ಮೊನೊಮರ್ ಪಾಲಿಮರ್ ಆದ ಪ್ರಮಾಣ) ಏರುತ್ತಿಲ್ಲ. ಪರ್ಸಲ್ಫೇಟ್ ದುಪ್ಪಟ್ಟು ಹಾಕಲೇ?

ಬಿಸಿ ರಿಯಾಕ್ಟರ್: ಬೇಡ. ಅದು ಶಾಖಕ್ಕೆ ಒಡೆದು ರಾಡಿಕಲ್ (ಸರಪಳಿ ಶುರುಮಾಡುವ ಚುರುಕು ತುಣುಕು) ಕೊಡುವ ವಸ್ತು. 60 ಡಿಗ್ರಿಯಲ್ಲೂ ಅರ್ಧ ಒಡೆಯಲು ಎರಡು ದಿನಕ್ಕಿಂತ ಹೆಚ್ಚು ಬೇಕು, 80ರಲ್ಲಾದರೆ ಕೆಲವೇ ಗಂಟೆ. ಉಷ್ಣತೆ ಏರಿಸಿ. ಸುಮ್ಮನೆ ಪ್ರಮಾಣ ಹೆಚ್ಚಿಸಿದರೆ ನೀರಿನಲ್ಲಿ ಲವಣ ಜಾಸ್ತಿಯಾಗಿ ಲ್ಯಾಟೆಕ್ಸ್ ಗಂಟುಕಟ್ಟುವ ಅಪಾಯವಿದೆ.

ರಬ್ಬರ್ ಓದುಗ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಸ್ಟೈರೀನ್–ಬ್ಯೂಟಡೈಈನ್ ರಬ್ಬರನ್ನು ಇದೇ 50 ಡಿಗ್ರಿಯಲ್ಲಿ, ಇದೇ ಪೊಟ್ಯಾಸಿಯಂ ಪರ್ಸಲ್ಫೇಟ್ ಹಾಕಿ ಮಾಡಿದ್ದರಲ್ಲ? ಸುಮಾರು 12 ಗಂಟೆಯಲ್ಲಿ ಮುಕ್ಕಾಲು ಭಾಗ ಮುಗಿಯುತ್ತಿತ್ತು.

ರೆಡಾಕ್ಸ್ ಪ್ರಿಯೆ: ಹೌದು, ಆದರೆ ಅಲ್ಲಿ ಡೋಡೆಸೈಲ್ ಮರ್ಕ್ಯಾಪ್ಟನ್ ಇತ್ತು. ಅದು ಸರಪಳಿಯ ಉದ್ದಕ್ಕೆ ಕಡಿವಾಣ ಹಾಕುವುದರ ಜೊತೆಗೆ ಪರ್ಸಲ್ಫೇಟಿನಿಂದ ರಾಡಿಕಲ್ ಹುಟ್ಟಲೂ ನೆರವಾಗುತ್ತಿತ್ತು. ಹೊಸಬರೇ, 50 ಡಿಗ್ರಿ ಬಿಡಲಾಗದಿದ್ದರೆ ಸೋಡಿಯಂ ಮೆಟಾಬೈಸಲ್ಫೈಟ್ ಜೊತೆಗೂಡಿಸಿ, ಚಿಟಿಕೆಗಿಂತ ಕಡಿಮೆ ಫೆರಸ್ ಸಲ್ಫೇಟ್ ಹಾಕಿ. ಇದೇ ರೆಡಾಕ್ಸ್: ಶಾಖದ ಬದಲು ಎಲೆಕ್ಟ್ರಾನ್ ಕೊಡುವ ವಸ್ತು ಪರ್ಸಲ್ಫೇಟನ್ನು ಒಡೆಯುವುದರಿಂದ ಕೋಣೆಯ ಉಷ್ಣತೆಯಲ್ಲೇ ಶುರುವಾಗುತ್ತದೆ.

ಬಿಸಿ ರಿಯಾಕ್ಟರ್: ಒಪ್ಪುವುದಿಲ್ಲ ಮೇಡಂ. ಮೆಟಾಬೈಸಲ್ಫೈಟಿನಿಂದ ನೀರಿನಲ್ಲಿ ಆಗುವ ಬೈಸಲ್ಫೈಟ್ ಸರಪಳಿಯ ಬೆಳವಣಿಗೆಯನ್ನು ಬೇಗ ನಿಲ್ಲಿಸಿ ಅಣುತೂಕ ಇಳಿಸುತ್ತದೆ, ಕಬ್ಬಿಣ ಒಣಗಿದ ಫಿಲ್ಮಿಗೆ ಹಳದಿ ಛಾಯೆ ಕೊಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆಗೇ ಏಳುವ ಶಾಖವನ್ನು ಹೊಸಬರು ಹೇಗೆ ತಡೆಯುತ್ತಾರೆ?

ರೆಡಾಕ್ಸ್ ಪ್ರಿಯೆ: ಎರಡೂ ದ್ರಾವಣಗಳನ್ನು ಬೇರೆ ಬೇರೆಯಾಗಿ, ನಿಧಾನವಾಗಿ ಹನಿಸಬೇಕು. ಸುರಿಯುವವರಿಗೆ ಮಾತ್ರ ಆ ಗಂಡಾಂತರ. ಹಳದಿ ಛಾಯೆಯ ಮಾತು ನಿಜ, ಬಿಳಿ ಪೇಂಟಿಗೆ ನಾನೂ ಕಬ್ಬಿಣ ಹಾಕುವುದಿಲ್ಲ.

ಕಣದ ಮೇಲ್ಮೈ: ವೇಗದ ಗದ್ದಲದಲ್ಲಿ ಮುಖ್ಯ ವಿಷಯ ಬಿಟ್ಟುಹೋಗುತ್ತಿದೆ. ಸಲ್ಫೇಟ್ ರಾಡಿಕಲ್ ನೇರವಾಗಿ ಕಣದೊಳಗೆ ನುಗ್ಗುವುದಿಲ್ಲ. ನೀರಿನಲ್ಲೇ ಕೆಲವು ಮೊನೊಮರ್‌ಗಳನ್ನು ಸೇರಿಸಿಕೊಂಡು, ಸೋಪಿನ ಅಣುವಿನಂತಾಗಿ, ಆಮೇಲೆ ಒಳಹೊಗುತ್ತದೆ. ಅದರ ಋಣಾವೇಶದ ತುದಿ ಕಣದ ಹೊರಮೈಯಲ್ಲಿ ಉಳಿದು ಲ್ಯಾಟೆಕ್ಸನ್ನು ಕಾಯುತ್ತದೆ. ಸೋಪೇ ಇಲ್ಲದೆ ಪಾಲಿಸ್ಟೈರೀನ್ ಲ್ಯಾಟೆಕ್ಸ್ ಮಾಡಲು ಸಾಧ್ಯವಾಗುವುದು ಇದರಿಂದಲೇ! ಧನಾವೇಶದ ಕಣ ಬೇಕಿದ್ದವರು ಪರ್ಸಲ್ಫೇಟ್ ಮುಟ್ಟಬಾರದು, ಧನಾವೇಶದ ತುದಿ ಕೊಡುವ ವಿ-50 ಎಂಬ ಅಜೋ (ನೈಟ್ರೋಜನ್ ಜೋಡಿಯುಳ್ಳ) ಇನಿಷಿಯೇಟರ್ ಹಿಡಿಯಬೇಕು. ಅದರ ಅರ್ಧಾಯುಷ್ಯ 56 ಡಿಗ್ರಿಯಲ್ಲಿ 10 ಗಂಟೆ.

ಲ್ಯಾಟೆಕ್ಸ್ ಹೊಸಬ: ನನಗೆ ಋಣಾವೇಶವೇ ಸಾಕು, ಉಷ್ಣತೆ ಏರಿಸಲೂ ಅಡ್ಡಿಯಿಲ್ಲ. ನೈಟ್ರೋಜನ್ ಹಾಯಿಸಿರಲಿಲ್ಲ. ಅದೂ ಕಾರಣವೇ?

ಬಿಸಿ ರಿಯಾಕ್ಟರ್: ಖಂಡಿತ. ಮೊದಲೇ ರಾಡಿಕಲ್ ಕಡಿಮೆ, ಹುಟ್ಟಿದ್ದನ್ನೂ ಆಮ್ಲಜನಕ ನುಂಗುತ್ತದೆ. ನೈಟ್ರೋಜನ್ ಹಾಯಿಸಿ 75–80ಕ್ಕೆ ಏರಿಸಿ. ಪರ್ಸಲ್ಫೇಟ್ ಒಡೆದಂತೆ ಪಿಎಚ್ ಇಳಿಯುತ್ತದೆ, ಸೋಡಿಯಂ ಬೈಕಾರ್ಬನೇಟ್ ಮರೆಯಬೇಡಿ.

ರೆಡಾಕ್ಸ್ ಪ್ರಿಯೆ: ಕೊನೆಗೆ ಉಳಿಯುವ ಮೊನೊಮರ್ ವಾಸನೆಗೆ ಟರ್ಷಿಯರಿ ಬ್ಯೂಟೈಲ್ ಹೈಡ್ರೋಪೆರಾಕ್ಸೈಡ್, ಆಸ್ಕಾರ್ಬಿಕ್ ಆಮ್ಲದ ಜೋಡಿ ಹನಿಸಿ. ಅಲ್ಲಿಗಾದರೂ ರೆಡಾಕ್ಸ್ ಬೇಕೇ ಬೇಕು ಸರ್.