ಮೂಲೆಗುಂಪಾದವರ ಭಾಗ್ಯ

ಗಾದಿಲಿಂಗನು ಆ ಸಂಜೆ ಹುಲಿಗೆಮ್ಮಕ್ಕನ ಮಿರ್ಚಿ ಅಂಗಡಿಗೆ ಬಂದಾಗ ಅವನ ಕಂಕುಳಲ್ಲಿ ಟವೆಲ್ಲು ಸುತ್ತಿದ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಬಳ್ಳಾರಿಯ ಏಪ್ರಿಲ್ಲಿನಲ್ಲಿ ಮೈಮೇಲಿನ ಅಂಗಿಯೇ ಭಾರವೆನಿಸುವಾಗ ತಗಡಿನ ಡಬ್ಬಿಗೆ ಹೊದಿಕೆ ಹೊದಿಸಿ ತಂದವನನ್ನು ನೋಡಿ ಎರ್ರಿಸ್ವಾಮಿಯು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟನು, ಗಾದಿಲಿಂಗನಿಗಲ್ಲ, ಡಬ್ಬಿಗೆ.

“ಎಣ್ಣೆಗೈ ಯಾರೂ ತಾಗಿಸಬೇಡಿರಿ” ಎಂದು ಗಾದಿಲಿಂಗನು ಮೊದಲೇ ಎಚ್ಚರಿಸಿದನು.

ಮಿರ್ಚಿ ಅಂಗಡಿಯಲ್ಲಿ ಕುಳಿತು ಈ ಮಾತು ಹೇಳುವುದೆಂದರೆ ತುಂಗಭದ್ರೆಯಲ್ಲಿ ಸೊಂಟದುದ್ದ ನೀರಿಗಿಳಿದು ಪಂಚೆ ತೋಯಬಾರದು ಎಂದಂತೆ ಎಂದು ಹೇಳಿ ಪಂಪಣ್ಣನು ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡನು.

ಡಬ್ಬಿಯೊಳಗೆ ಇದ್ದದ್ದು ಕಾರ್ಡುಗಳು. ಡಬ್ಲ್ಯುಡಬ್ಲ್ಯುಎಫ್ ಎಂಬ ಅಮೆರಿಕದ ಕುಸ್ತಿಯ ಜಟ್ಟಿಗಳ ಟ್ರಂಪ್ ಕಾರ್ಡುಗಳ, ಅಂದರೆ ದೊಡ್ಡ ಅಂಕಿ ಇದ್ದವನು ಎದುರಾಳಿಯ ಕಾರ್ಡನ್ನು ಗೆದ್ದುಕೊಳ್ಳುವ ಆಟದ, ಒಂದು ಕಟ್ಟು, ಬಿಗ್ ಫನ್ ಚೂಯಿಂಗ್ ಗಮ್ಮಿನ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳು ಒಂದಿಷ್ಟು. ಯುಗಾದಿಗೆಂದು ಅಟ್ಟ ಗುಡಿಸುವಾಗ ಅವು ಸಿಕ್ಕಿದ್ದವು. ಸಿಕ್ಕ ದಿನವೇ ಅವನ ಮಗನು ಮೊಬೈಲಿನಲ್ಲಿ ಒಂದು ಸುದ್ದಿಯನ್ನು ತೋರಿಸಿ ತಂದೆಯ ನಿದ್ದೆ ಕೆಡಿಸಿದ್ದನು.

“ಅಮೆರಿಕದಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಒಂದೇ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತಂತೆ. ನಮ್ಮ ಲೆಕ್ಕದಲ್ಲಿ 100 ಕೋಟಿ ರೂಪಾಯಿ ಆಯಿತು. ಒಂದು ಕಾರ್ಡಿಗೇ ಅಷ್ಟಾದರೆ ಇಲ್ಲಿ ಎಷ್ಟಿವೆ ನೋಡಿರಿ” ಎಂದು ಗಾದಿಲಿಂಗನು ಡಬ್ಬಿಯನ್ನು ಮೆಲ್ಲಗೆ ತಟ್ಟಿದನು.

“ಗುಣಾಕಾರ ತಪ್ಪಿಲ್ಲ” ಎಂದರು ನಿವೃತ್ತ ಮೇಷ್ಟ್ರು. “ಏಳನೆಯ ಇಯತ್ತೆಯಲ್ಲಿ ನಿನಗೆ ಗುಣಾಕಾರ ಬಂದಿದ್ದರೆ ನಾನು ಎಷ್ಟು ಸಂತೋಷಪಡುತ್ತಿದ್ದೆ.”

ಪಂಪಣ್ಣನಿಗೆ ಈಚೆಗೆ ಯಾರಾದರೂ ‘ಹೂಡಿಕೆ’ ಎಂಬ ಪದವನ್ನು ಉಚ್ಚರಿಸಿದರೆ ಸಾಕು, ಮೆಣಸಿನಕಾಯಿಯ ಬೀಜ ಹಲ್ಲಿಗೆ ಸಿಕ್ಕವನಂತೆ ಮುಖ ಕೆಂಪಾಗುತ್ತದೆ. ಹಳೆಯ ನಾಣ್ಯ, ಹಳೆಯ ರೇಡಿಯೋ, ಅಜ್ಜಿಯ ಹಿತ್ತಾಳೆ ತಂಬಿಗೆ, ಎಲ್ಲವನ್ನೂ ಹೂಡಿಕೆ ಎಂದು ಕರೆಯುವ ಕಾಲ ಬಂದಿದೆ. ಇನ್ನು ಬಾಲ್ಯವೊಂದು ಉಳಿದಿತ್ತು, ಅದಕ್ಕೂ ಬೆಲೆಯ ಚೀಟಿ ಅಂಟಿಸಲು ಹೊರಟಿದ್ದಾರೆ ಎಂಬುದು ಅವನ ತಕರಾರು.

“ಆ ಕಾರ್ಡಿಗೆ ಅಷ್ಟು ಬೆಲೆ ಏಕೆ ಬಂತೆಂದು ಮಗನು ಹೇಳಲಿಲ್ಲವೇ? ಅಲ್ಲಿ ಕಾರ್ಡಿಗೆ ದರ್ಜೆ ಕೊಡುವುದಕ್ಕೆಂದೇ ಕಂಪನಿಗಳಿವೆ. ನಾಲ್ಕು ಮೂಲೆ, ಅಂಚು, ಮೇಲ್ಮೈ, ನಡು, ಇಷ್ಟನ್ನೂ ಭೂತಗನ್ನಡಿಯಲ್ಲಿ ನೋಡಿ ಹತ್ತಕ್ಕೆ ಇಂತಿಷ್ಟೆಂದು ಅಂಕ ಹಾಕಿ, ಪ್ಲಾಸ್ಟಿಕ್ಕಿನ ಗಟ್ಟಿ ಪೆಟ್ಟಿಗೆಯಲ್ಲಿ ಮೊಹರು ಮಾಡಿ ಕಳುಹಿಸುತ್ತಾರೆ. ಮ್ಯಾಂಟಲ್ಲನ ಆ ಕಾರ್ಡಿಗೆ ಒಂಬತ್ತೂವರೆ ಬಂದಿತ್ತು.”

“ನಡು ಎಂದರೇನು?” ಎಂದು ಎರ್ರಿಸ್ವಾಮಿ ಕೇಳಿದನು.

“ಚಿತ್ರವು ಕಾರ್ಡಿನ ಸರಿಯಾದ ನಡುವಿನಲ್ಲಿ ಅಚ್ಚಾಗಿರಬೇಕು. ಎಡಕ್ಕೋ ಬಲಕ್ಕೋ ಸರಿದಿದ್ದರೆ ಅಂಕ ಕಡಿಮೆ. ನಿನ್ನ ನಡುವಿಗೆ ಅವರು ಮೂರಕ್ಕಿಂತ ಹೆಚ್ಚು ಕೊಡಲಾರರು.”

ಎರ್ರಿಸ್ವಾಮಿಯು ಹೊಟ್ಟೆಯನ್ನು ಒಳಗೆಳೆದುಕೊಂಡು ನಾಲ್ಕೂವರೆಗಾದರೂ ಚೌಕಾಸಿ ಮಾಡಲು ನೋಡಿದನು. ಮೇಷ್ಟ್ರ ಧೋತರದ ಅಂಚಿಗೆ ಎಂಟು ಬಂತು, ತಲೆಯ ಮೇಲ್ಮೈಗೆ, ಗೀರಿಲ್ಲದೆ ಹೊಳೆಯುತ್ತಿದ್ದುದರಿಂದ, ಪೂರ್ತಿ ಹತ್ತು. ಬಾಣಲೆಯಿಂದ ಆಗತಾನೇ ಇಳಿದ ಮಿರ್ಚಿಯೊಂದಕ್ಕೂ ಅಂಕ ಹಾಕುವ ಪ್ರಯತ್ನ ನಡೆಯಿತು; ಆದರೆ ಮೂಲೆಯೇ ಇಲ್ಲದ ಪದಾರ್ಥಕ್ಕೆ ಯಾವ ಕಂಪನಿಯೂ ದರ್ಜೆ ಕೊಡಲಾರದೆಂದು ತೀರ್ಮಾನಿಸಿ ಅದನ್ನು ತಿನ್ನಲಾಯಿತು.

ಪಂಪಣ್ಣನು ಒಂದು ಕಾರ್ಡನ್ನು ಉಗುರಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದನು. ಅದರ ನಾಲ್ಕು ಮೂಲೆಗಳೂ ಸವೆದು ವೀಳ್ಯದೆಲೆಯಂತೆ ದುಂಡಗಾಗಿದ್ದವು. ಜಟ್ಟಿಯ ಹೆಸರು ಬೆವರಿಗೆ ಅಳಿಸಿಹೋಗಿತ್ತು, ಎದೆಯ ಅಳತೆ, ಗೆದ್ದ ಕುಸ್ತಿಗಳ ಲೆಕ್ಕ ಮಾತ್ರ ಉಳಿದಿದ್ದವು.

“ಇದು ಆಡಿದ ಕಾರ್ಡು, ಗಾದಿಲಿಂಗಾ. ಚಡ್ಡಿಯ ಜೇಬಿನಲ್ಲಿ ಕುಳಿತು ಶಾಲೆಗೆ ಹೋಗಿದೆ, ಕರೆಂಟು ಹೋದಾಗ ಗುಡಿಯ ಕಟ್ಟೆಯ ಮೇಲೆ ಕಂದೀಲಿನ ಬೆಳಕಿನಲ್ಲಿ ಸೋತಿದೆ, ಗೆದ್ದಿದೆ. ಮೂಲೆ ಉಳಿಯಬೇಕಾದರೆ ಕಾರ್ಡು ಮೂಲೆಗುಂಪಾಗಿರಬೇಕು. ಬೆಂಗಳೂರು ರಸ್ತೆಯ ಆ ದೊಡ್ಡ ಮನೆಯ ಹುಡುಗ ನೆನಪಿದ್ದಾನೆಯೇ? ಅವನ ಬಳಿ ಹೊಚ್ಚಹೊಸ ಕಟ್ಟುಗಳು ಎರಡಿದ್ದವು. ಧೂಳಿನಲ್ಲಿ ಆಡಬಾರದೆಂದು ಅವನನ್ನು ಹೊರಗೆ ಬಿಡುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಮ್ಮನ್ನು ನೋಡುತ್ತಿದ್ದ. ಇವತ್ತು ಹತ್ತಕ್ಕೆ ಹತ್ತು ಬರುವುದಿದ್ದರೆ ಅವನ ಕಾರ್ಡಿಗೆ ಬರುತ್ತದೆ.”

ಸ್ವಲ್ಪ ಹೊತ್ತು ಬಾಣಲೆಯ ಸದ್ದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ.

“ನನ್ನ ಮಗನವೂ ಒಂದು ಚೀಲ ಇದ್ದವು” ಎಂದಳು ಹುಲಿಗೆಮ್ಮಕ್ಕ, ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ. “ಪರೀಕ್ಷೆಯಲ್ಲಿ ಫೇಲಾದ ವರ್ಷ ಎಲ್ಲವನ್ನೂ ಒಲೆಗೆ ಹಾಕಿದೆ. ಬಿಸಿನೀರು ಕಾಯಲಿಲ್ಲ, ಹೊಗೆ ಮಾತ್ರ ಬಂತು.”

“ಅಕ್ಕಾ, ನೀನು ಮಾಡಿದ್ದೇ ಈ ವ್ಯಾಪಾರದ ಬೇರು” ಎಂದು ಪಂಪಣ್ಣನು ಕೈ ಮುಗಿದನು. “ಮ್ಯಾಂಟಲ್ಲನ ಕಾರ್ಡು ಮೊದಲು ಅಚ್ಚಾದಾಗ ಮಾರಾಟವಾಗದೆ ರಾಶಿ ಉಳಿದಿತ್ತು. ಗೋದಾಮಿನಲ್ಲಿ ಜಾಗವಿಲ್ಲವೆಂದು 1960ರಲ್ಲಿ ಕಂಪನಿಯವರೇ ಅದನ್ನು ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದರು. ಮನೆಗಳಲ್ಲಿ ಇದ್ದವನ್ನು ತಾಯಂದಿರು ಕಸಕ್ಕೆ ಹಾಕಿದರು. ಅಳಿದುಳಿದದ್ದಕ್ಕೆ ಇವತ್ತು ಬೆಲೆ. ಆ ಕಥೆ ಕೇಳಿ ಬುದ್ಧಿವಂತರಾದ ಅಲ್ಲಿನ ಜನ ಎಂಬತ್ತರ ದಶಕದ ಕೊನೆಗೆ ಕಾರ್ಡಿನ ಪೊಟ್ಟಣಗಳನ್ನು ಒಡೆಯದೆಯೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಂಪನಿಗಳು ಕೇಳಿದಷ್ಟು ಅಚ್ಚು ಹಾಕಿದವು. ಯಾವ ತಾಯಿಯೂ ಎಸೆಯಲಿಲ್ಲ. ಎಲ್ಲರ ಮನೆಯಲ್ಲೂ ಇರುವುದನ್ನು ಕೊಳ್ಳುವವರು ಯಾರು? ಆ ಕಾಲದ ಕಾರ್ಡುಗಳಿಗೆ ‘ಜಂಕ್ ವ್ಯಾಕ್ಸ್’, ಅಂದರೆ ಮೇಣದ ಕಾಗದದ ಪೊಟ್ಟಣದ ಕಸ, ಎಂದು ಹೆಸರೇ ಬಿದ್ದಿದೆ.”

“ಇದು ನಮ್ಮ ಅದಿರಿನ ಕಥೆಯೇ ಆಯಿತಲ್ಲ” ಎಂದು ಎರ್ರಿಸ್ವಾಮಿ ನಿಟ್ಟುಸಿರುಬಿಟ್ಟನು.

ಅದಿರಿನ ವಿಷಯ ಬಂದರೆ ಎರ್ರಿಸ್ವಾಮಿಯನ್ನು ತಡೆಯಬಾರದೆಂಬುದು ಬೆಂಚಿನ ನಿಯಮ. ಬಟ್ಟೆಗೆ ಹತ್ತಿದರೆ ಹೋಗದ ಕೆಂಪು ಧೂಳೆಂದು ಬೈಸಿಕೊಳ್ಳುತ್ತಿದ್ದ ಸಂಡೂರು, ಹೊಸಪೇಟೆಯ ಮಣ್ಣನ್ನು ಚೀನಾದವರು ಬೇಕೆಂದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲಗಳನ್ನೂ ಅಗೆದರು. ಎಲ್ಲರಿಗೂ ಲಾರಿ ಬೇಕಾಯಿತು. ಎರ್ರಿಸ್ವಾಮಿಯು ಎಲ್ಲರಿಗಿಂತ ನಿಧಾನವಾಗಿ ಯೋಚಿಸಿ 2010ರ ದಸರೆಗೆ ಕಂತಿನ ಮೇಲೆ ಲಾರಿ ತಂದನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಯು ಮನೆಯ ಮುಂದೆ ಎರಡು ವರ್ಷ ನಿಂತು, ಅದರ ಕೆಳಗೆ ನಾಯಿಯೊಂದು ಮೂರು ಸಲ ಮರಿ ಹಾಕಿತು.

“ಅದೂ ಹೊಚ್ಚಹೊಸ ಲಾರಿ. ಮೂಲೆ, ಅಂಚು, ಮೇಲ್ಮೈ ಎಲ್ಲ ಹತ್ತಕ್ಕೆ ಹತ್ತು” ಎಂದು ಅವನು ಮುಗಿಸಿದನು.

ಗಾದಿಲಿಂಗನು ಇಷ್ಟಕ್ಕೆಲ್ಲ ಸೋಲುವವನಲ್ಲ. ಜಟ್ಟಿಗಳದು ಹಾಳಾಗಲಿ, ಕ್ರಿಕೆಟ್ ಕಾರ್ಡುಗಳಿಗಾದರೂ ಬೆಲೆ ಇರಬೇಕಲ್ಲ ಎಂದು ಅವುಗಳನ್ನು ಮುಂದೆ ಹರಡಿದನು. ಆದರೆ ಅವುಗಳಲ್ಲಿ ಒಂದು ಓಟ, ಎರಡು ಓಟ ಎಂದು ಅಚ್ಚಾದವೇ ಹೆಚ್ಚಾಗಿದ್ದವು. ಆರು ಓಟದ ಕಾರ್ಡುಗಳನ್ನು ಲೆಕ್ಕ ತುಂಬಿಸಿ ಅಂಗಡಿಗೆ ಕೊಟ್ಟು ಆಗಲೇ ಬಹುಮಾನ ತಂದಾಗಿತ್ತೆಂಬುದು ಅವನಿಗೇ ನೆನಪಾಯಿತು. ಅಮೆರಿಕದಲ್ಲಿ ಸಿಗರೇಟಿನ ಪೊಟ್ಟಣದೊಳಗೆ ಬಂದ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು 72 ಲಕ್ಷ 50 ಸಾವಿರ ಡಾಲರು ಕಂಡಿದೆ. ನಮ್ಮ ಚೂಯಿಂಗ್ ಗಮ್ಮು ಕಂಡದ್ದು ಮೇಷ್ಟ್ರ ಕುರ್ಚಿಯ ತಳವನ್ನು.

“ಅದು ನೀನೋ?” ಎಂದರು ಮೇಷ್ಟ್ರು, ಮೂವತ್ತು ವರ್ಷ ತಡವಾಗಿ.

ಈ ಗಲಾಟೆಯ ನಡುವೆ ಎರ್ರಿಸ್ವಾಮಿಯು ಕನ್ನಡಕ ಏರಿಸಿಕೊಂಡು, ಪಂಪಣ್ಣ ಕೆಳಗಿಟ್ಟಿದ್ದ ಹೆಸರಿಲ್ಲದ ಜಟ್ಟಿಯ ಕಾರ್ಡನ್ನು ಓದುತ್ತಿದ್ದನು. ಓದಿದವನು ಮತ್ತೊಮ್ಮೆ ಓದಿದನು. ಬಳಿಕ ಡಬ್ಬಿಗೆ ಕೈ ಹಾಕಿ, ಹುಡುಕಿ, ಅಂಡರ್‌ಟೇಕರನ ಕಾರ್ಡೊಂದನ್ನು ಹೊರತೆಗೆದು ಅದರ ಹಿಂಬದಿಯನ್ನು ಎಲ್ಲರಿಗೂ ತೋರಿಸಿದನು. ಅಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ‘ಎ’ ಎಂಬ ಅಕ್ಷರವಿತ್ತು.

“ಇದು ನನ್ನದು. ಏಳನೆಯ ಇಯತ್ತೆಯಲ್ಲಿ, ಗಣೇಶನ ಹಬ್ಬದ ಮರುದಿನ, ಗೆದ್ದ ಕುಸ್ತಿಗಳ ಲೆಕ್ಕ ಕೇಳಿ ನೀನು ಇದನ್ನು ನನ್ನಿಂದ ಗೆದ್ದುಕೊಂಡೆ. ನಿನ್ನ ಕೈಯಲ್ಲಿದ್ದದ್ದು ಈ ಹೆಸರಿಲ್ಲದವನು. ನೀನು ಓದಿದ್ದು ನಾಲ್ಕಂಕಿಯ ಸಂಖ್ಯೆ. ಇಲ್ಲಿ ಮೂರೇ ಅಂಕಿಗಳಿವೆ ಗಾದಿಲಿಂಗಾ!”

ಗಾದಿಲಿಂಗನು ಬೇರೆ ಕಡೆಗೆ ನೋಡಿದನು.

“ಸೊನ್ನೆ ಸೇರಿಸಿದ್ದಾನೆ” ಎಂದು ಪಂಪಣ್ಣನು ತೀರ್ಪಿತ್ತನು. “ಅದಿರಿನ ಪರ್ಮಿಟ್ಟಿನಲ್ಲಿ ಸೊನ್ನೆ ಸೇರಿಸುವ ವಿದ್ಯೆ ನಮ್ಮ ಊರಿಗೆ ಆಮೇಲೆ ಬಂತು, ಇವನು ಕಾಲಕ್ಕಿಂತ ಮುಂದಿದ್ದ.”

ಆ ವರ್ಷವೆಲ್ಲ ಎರ್ರಿಸ್ವಾಮಿಯು ಗಾದಿಲಿಂಗನ ಜೊತೆ ಮಾತು ಬಿಟ್ಟಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಅವನು ಈಗ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು, ಸವೆದ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದನು. ಹೆಬ್ಬೆರಳಿನಲ್ಲಿ ಎಣ್ಣೆಯಿತ್ತು. ಗಾದಿಲಿಂಗನು ಅದನ್ನು ಕಂಡರೂ ಏನೂ ಹೇಳಲಿಲ್ಲ.

“ಮೋಸದ ಆಟ, ಸುಮ್ಮನೆ ಹಿಂದಿರುಗಿಸು.”

“ಮೂವತ್ತು ವರ್ಷ ಕಾಪಾಡಿದ್ದೇನೆ. ನಿನ್ನ ಬಳಿ ಇದ್ದಿದ್ದರೆ ನಿಮ್ಮವ್ವ ಒಲೆಗೆ ಹಾಕುತ್ತಿದ್ದಳು.”

“ಹಾಗಾದರೆ ಎರಡು ತಟ್ಟೆ ಮಿರ್ಚಿ ಕೊಡಿಸುತ್ತೇನೆ.”

ಬೆಳಗಿನಿಂದ ನೂರು ಕೋಟಿಯ ಕನಸು ಕಂಡವನು ಎರಡು ತಟ್ಟೆಗೆ ಒಪ್ಪುವನೇ? ಗಾದಿಲಿಂಗನು ತಲೆಯಲ್ಲಾಡಿಸಿದನು. ಎರ್ರಿಸ್ವಾಮಿಯು ಮೂರು ತಟ್ಟೆಗೆ ಏರಿ, ಜೊತೆಗೆ ಒಗ್ಗರಣೆಯನ್ನೂ ಸೇರಿಸಿದನು. ಮೇಷ್ಟ್ರು ಚಹದ ಲೋಟವನ್ನು ಬೆಂಚಿಗೆ ಕುಟ್ಟಿ “ಮೂರು, ಒಂದನೆಯ ಸಾರಿ” ಎಂದು ಹರಾಜು ಕೂಗತೊಡಗಿದರು. ಐದು ತಟ್ಟೆಗೆ ಬಂದಾಗ ಹುಲಿಗೆಮ್ಮಕ್ಕ ಹಿಟ್ಟು ಮುಗಿಯಿತೆಂದು ಒಲೆ ಆರಿಸಿದಳು. ಹರಾಜನ್ನು ನಾಳೆಗೆ ಮುಂದೂಡಬೇಕಾಯಿತು; ಅಲ್ಲಿಯವರೆಗೆ ಕಾರ್ಡು ಯಾರ ಬಳಿ ಇರಬೇಕೆಂಬ ಜಗಳ ಕೋಟೆ ಗುಡ್ಡದ ತಿರುವಿನವರೆಗೂ ಕೇಳಿಸುತ್ತಿತ್ತು. ಟವೆಲ್ಲು ಬೆಂಚಿನ ಮೇಲೆಯೇ ಉಳಿದಿತ್ತು.