ಪದಚರ್ಚೆ: ‘ಸೆಂಡರ್’ ಅಂದರೆ ಕಳುಹಿಸಿದವರಾ, ಕೂಗಿದವರಾ, ಸುಮ್ನೆ ‘ಯಾವುದು’ ಅಂದರೆ ಸಾಕಾ?

ಗೆಳೆಯರೇ,

ಒಂದು ಪದದ ಹಿಂದೆ ಬಿದ್ದು ಎರಡು ವಾರ ಆಯಿತು. ನಿಮ್ಮನ್ನು ಕೇಳದೆ ಬೇರೆ ದಾರಿ ಕಾಣಲಿಲ್ಲ.

ನಾನಿರುವುದು ವಿರಾಜಪೇಟೆ ಕಡೆ. ಸಣ್ಣ ತೋಟದವರಿಗೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಡುತ್ತೇನೆ. ಮೊಬೈಲ್ ಆಪ್ ಅಲ್ಲ. ತೋಟದ ಆಫೀಸಿನ ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ, ನೆಟ್ ಇಲ್ಲದಿದ್ದರೂ ಓಡುವಂಥದ್ದು. ಈ ವರ್ಷದಿಂದ ಅಕ್ಕನ ಮಗಳು ನನ್ನ ಜೊತೆ ಕೆಲಸ ಕಲಿಯುತ್ತಿದ್ದಾಳೆ. ಅವಳಿಗೆ ಕನ್ನಡದಲ್ಲೇ ನೋಟ್ಸ್ ಬರೆದುಕೊಡೋಣ ಅಂತ ಕೂತೆ. ಮೂರನೇ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲು ವಿಷಯ ಹೇಳುತ್ತೇನೆ, ಪದ ಆಮೇಲೆ. ಕಾಫಿ ಕುಯ್ಲಿನ ಸಮಯದಲ್ಲಿ ದಿನಾ ಸಂಜೆ ತೂಕ ಇರುತ್ತದೆ. ಅವತ್ತು ಯಾರ್ಯಾರು ಬಂದಿದ್ದಾರೋ ಅವರ ಹೆಸರು ಪರದೆಯ ಮೇಲೆ ಸಾಲಾಗಿ ಬರಬೇಕು. ಒಂದೊಂದು ಸಾಲಿನಲ್ಲಿ ಹೆಸರು, ತೂಕ ಬರೆಯುವ ಚೌಕ, ಪಕ್ಕದಲ್ಲಿ ‘ಸೇರಿಸು’ ಅನ್ನುವ ಬಟನ್. ಒಂದು ದಿನ 14 ಜನ, ಮಾರನೇ ದಿನ 31. ಹಾಗಾಗಿ ಈ ಸಾಲುಗಳನ್ನು ನಾನು ಮೊದಲೇ ಕೂರಿಸಿಡಲು ಆಗುವುದಿಲ್ಲ. ಪ್ರೋಗ್ರಾಮ್ ಓಡುವಾಗ ಅದೇ ಹುಟ್ಟಿಸಿಕೊಳ್ಳಬೇಕು. ಬಟನ್ 31 ಇದ್ದರೂ ಒತ್ತಿದಾಗ ಓಡುವ ಫಂಕ್ಷನ್ (ಒಂದು ಕೆಲಸಕ್ಕೆಂದು ಬರೆದಿಟ್ಟ ಆದೇಶಗಳ ಕಟ್ಟು) ಮಾತ್ರ ಒಂದೇ. ಆ ಫಂಕ್ಷನ್ ಕೇಳಬೇಕಾದ ಪ್ರಶ್ನೆಯೂ ಒಂದೇ: ಈಗ ಒತ್ತಿದ್ದು ಇವುಗಳಲ್ಲಿ ಯಾವುದನ್ನು?

ತೋಟದಲ್ಲಿ ಸಂಜೆ ನಿಂತವರಿಗೆ ಇದು ಹೊಸ ಪ್ರಶ್ನೆ ಅಲ್ಲ. ತಕ್ಕಡಿ ಪಕ್ಕದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ನಿಂತಿರುತ್ತಾರೆ. ಮೂಟೆ ಮೇಲೆ ಮೂಟೆ ಬರುತ್ತದೆ. ಅವರು ತಲೆ ಎತ್ತದೆ ಕೇಳುತ್ತಾರೆ: “ಯಾರದು ಇದು?”

ಇನ್ನು ಪದಗಳಿಗೆ ಬರೋಣ. ಡಾಟ್‌ನೆಟ್‌ನಲ್ಲಿ (ವಿಂಡೋಸ್ ಪ್ರೋಗ್ರಾಮ್ ಬರೆಯಲು ಬಳಸುವ ಮೈಕ್ರೋಸಾಫ್ಟಿನ ಸಲಕರಣೆ) ಈ ಫಂಕ್ಷನ್ನಿಗೆ ಮೊದಲು ಬರುವುದು ‘ಸೆಂಡರ್’. ಒತ್ತಿದ್ದು ಯಾವ ಬಟನ್ನನ್ನೋ ಅದೇ ಸೆಂಡರ್. ನಾನು ಮೊದಲು ‘ಕಳುಹಿಸಿದವರು’ ಅಂತ ಬರೆದೆ. ಓದಿದರೆ ಅಂಚೆ ಕವರಿನ ಹಿಂಭಾಗ ನೆನಪಾಯಿತು. ಬಟನ್ ಏನನ್ನೂ ಕಳುಹಿಸಿಲ್ಲ ಅಲ್ವಾ? ಸುಮ್ನೆ ಕೂತಿತ್ತು, ಯಾರೋ ಬಂದು ಒತ್ತಿದರು. ‘ಕರ್ತೃ’ ಅನ್ನೋಣವೆಂದರೆ ಅದೂ ಸುಳ್ಳು. ಒತ್ತಿದವರು ರೈಟರ್, ಬಟನ್ ಅಲ್ಲ. ವ್ಯಾಕರಣದ ಲೆಕ್ಕದಲ್ಲಿ ಬಟನ್ ಕರ್ಮ.

ಇಂಗ್ಲಿಷಿನಲ್ಲೂ ಪ್ರೋಗ್ರಾಮಿಂಗ್ ಭಾಷೆಗಳವರೆಲ್ಲ ಒಂದೇ ಪದ ಹಿಡಿದಿಲ್ಲ. ಜಾವಾದವರು ‘ಗೆಟ್‌ಸೋರ್ಸ್’ ಅನ್ನುತ್ತಾರೆ, ಅಂದರೆ ಮೂಲ. ಪೈಥಾನಿನಲ್ಲಿ ಕಿಟಕಿ, ಬಟನ್ ಕಟ್ಟಲು ಬಳಸುವ ಟಿಕೆ‌ಇಂಟರ್‌ನಲ್ಲಿ ನೇರವಾಗಿ ‘ಇವೆಂಟ್ ಡಾಟ್ ವಿಜೆಟ್’. 1995ರಲ್ಲಿ ಬಂದ ಡೆಲ್ಫಿ ಅನ್ನುವ ಪ್ರೋಗ್ರಾಮಿಂಗ್ ಸಲಕರಣೆಯಲ್ಲಿ ಆಗಲೇ ‘ಸೆಂಡರ್’ ಇತ್ತು. ಡೆಲ್ಫಿಯ ಮುಖ್ಯ ಶಿಲ್ಪಿ ಆಂಡರ್ಸ್ ಹೆಲ್ಸ್‌ಬರ್ಗ್ ಆಮೇಲೆ ಮೈಕ್ರೋಸಾಫ್ಟಿಗೆ ಹೋಗಿ ಡಾಟ್‌ನೆಟ್‌ಗೆ ಬರೆಯುವ ಸಿ ಶಾರ್ಪ್ ಭಾಷೆ ಕಟ್ಟಿದರು. ಪದವೂ ಅವರ ಜೊತೆಗೇ ಮನೆ ಬದಲಾಯಿಸಿತು ಅಂತ ನನ್ನ ಊಹೆ. ಅಂದಮೇಲೆ ಆ ಪದಕ್ಕೇ ನಾವು ಜೋತುಬೀಳಬೇಕಾಗಿಲ್ಲ.

ಇನ್ನೊಂದು ಹಳೇ ಕತೆ. ಮೈಕ್ರೋಸಾಫ್ಟಿನ 1998ರ ವಿಷುವಲ್ ಬೇಸಿಕ್ 6 ಭಾಷೆಯಲ್ಲಿ ಕೆಲಸ ಮಾಡಿದವರಿಗೆ ‘ಕಂಟ್ರೋಲ್ ಅರೇ’ ನೆನಪಿರಬಹುದು. ಒಂದೇ ಹೆಸರಿನ ಹತ್ತು ಬಟನ್ ಇಟ್ಟುಕೊಂಡರೆ, ಒತ್ತಿದಾಗ ಫಂಕ್ಷನ್ನಿಗೆ ಒಂದು ಸಂಖ್ಯೆ ಸಿಗುತ್ತಿತ್ತು. ಅದೇ ‘ಇಂಡೆಕ್ಸ್’. ಇದನ್ನು ‘ಸೂಚ್ಯಂಕ’ ಅಂತ ಬರೆದವರಿದ್ದಾರೆ. ಸೂಚ್ಯಂಕ ಅಂದರೆ ನನಗೆ ಷೇರುಪೇಟೆ. ಆದರೆ ಆ ಸಂಖ್ಯೆ ಉತ್ತರ ಕೊಡುವುದು ಯಾವ ಪ್ರಶ್ನೆಗೆ? ‘ಎಷ್ಟನೇದು?’ ಅನ್ನುವುದಕ್ಕೆ! ಇಂಗ್ಲಿಷಿನಲ್ಲಿ ಈ ಪ್ರಶ್ನೆಯನ್ನು ನೆಟ್ಟಗೆ ಕೇಳುವುದಕ್ಕೇ ಆಗುವುದಿಲ್ಲ, ನಾವೆಲ್ಲ ಅದನ್ನು ಹೇಳಿ ನಕ್ಕವರೇ. ಇಂಗ್ಲಿಷಿಗೆ ಇಲ್ಲದ, ನಮಗಿರುವ ಒಂದು ಪದ ಇಲ್ಲಿ ಸರಿಯಾಗಿ ಕೂರುತ್ತದೆ.

ಒಂದೇ ತೊಡಕು, ಎಣಿಕೆ ಸೊನ್ನೆಯಿಂದ ಶುರು. ‘ಸೊನ್ನೆಯನೇದು’ ಅಂತ ಯಾರೂ ಹೇಳುವುದಿಲ್ಲ.

2002ರಲ್ಲಿ ಡಾಟ್‌ನೆಟ್ ಬಂದಾಗ ಕಂಟ್ರೋಲ್ ಅರೇ ಹೋಯಿತು. ಸಂಖ್ಯೆ ಬದಲು ವಸ್ತುವೇ ಕೈಗೆ ಬಂತು. ‘ಎಷ್ಟನೇದು’ ಹೋಗಿ ‘ಯಾವುದು’ ಬಂತು. ಇದು ಬರೀ ಮಾತಿನ ಚಮತ್ಕಾರ ಅಲ್ಲ. ಮಧ್ಯಾಹ್ನ ಒಬ್ಬರು ಹುಷಾರಿಲ್ಲ ಅಂತ ಮನೆಗೆ ಹೋದರು ಅಂದುಕೊಳ್ಳಿ. ಅವರ ಸಾಲು ತೆಗೆದೆ. ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದರು. ನಾನು ಸಾಲಿನ ಸಂಖ್ಯೆಯನ್ನೇ ನಂಬಿ ಲೆಕ್ಕ ಬರೆದಿದ್ದರೆ ಏಳನೆಯವರ ತೂಕ ಎಂಟನೆಯವರಿಗೆ ಹೋಗುತ್ತದೆ. ‘ಯಾವುದು’ ಅಂತ ಕೇಳಿದ್ದರೆ ಈ ಗಲಾಟೆ ಇಲ್ಲ.

ಮೂರನೆಯದು ‘ಟ್ಯಾಗ್’. ಪ್ರತಿ ಕಂಟ್ರೋಲಿಗೂ (ಬಟನ್, ಚೌಕದಂಥ ಪರದೆಯ ಮೇಲಿನ ವಸ್ತುವಿಗೆ) ಈ ಹೆಸರಿನ ಒಂದು ಜೇಬು ಇರುತ್ತದೆ. ಅದರಲ್ಲಿ ನಮಗೆ ಬೇಕಾದ್ದನ್ನು ಇಡಬಹುದು. ಬಟನ್ ಹುಟ್ಟಿಸುವಾಗಲೇ ಅದರ ಟ್ಯಾಗಿನಲ್ಲಿ ಆಳಿನ ದಾಖಲೆಯನ್ನು ಇಟ್ಟುಬಿಟ್ಟರೆ, ಒತ್ತಿದಾಗ ಸೆಂಡರಿನ ಟ್ಯಾಗ್ ನೋಡಿದರೆ ಆಯಿತು. ಮೂಟೆಯ ಬಾಯಿಗೆ ಕಟ್ಟಿದ ಚೀಟಿ ಇದ್ದಂತೆ. ಇದು ಉತ್ತರ ಕೊಡುವುದು ರೈಟರ್ ಕೇಳುವ ಪ್ರಶ್ನೆಗೇ: ‘ಯಾರದು?’

ಎಷ್ಟನೇದು, ಯಾವುದು, ಯಾರದು. ಇಂಡೆಕ್ಸ್, ಸೆಂಡರ್, ಟ್ಯಾಗ್. ನನಗೆ ಖುಷಿಯಾಯಿತು. ಸಂಸ್ಕೃತದ ಕಡೆ ಕೈ ಚಾಚದೆ, ಇಂಗ್ಲಿಷ್ ಸಾಲವೂ ಬೇಡದೆ ಪ್ರಶ್ನೆಯ ಪದಗಳಲ್ಲೇ ಕೆಲಸ ಆಯಿತಲ್ಲ ಅಂದುಕೊಂಡೆ.

ಖುಷಿ ಇನ್ನೂ ಒಂದು ಮೆಟ್ಟಿಲು ಏರಿತು. ಸೆಂಡರ್ ಫಂಕ್ಷನ್ನಿನೊಳಗೆ ಬರುವಾಗ ‘ಬಟನ್’ ಅಂತ ಬರುವುದಿಲ್ಲ, ‘ಆಬ್ಜೆಕ್ಟ್’ ಅಂತ ಬರುತ್ತದೆ. ಅದು ಏನು ಬೇಕಾದರೂ ಆಗಿರಬಹುದು. ಅಂದರೆ ಅದು ಬರೀ ‘ಯಾವುದು’ ಅಲ್ಲ, ‘ಯಾವುದೋ’. ಅದನ್ನು ನಾವು ಬಟನ್ ಅಂತ ನೋಡಬೇಕು. ಇದಕ್ಕೆ ‘ಕ್ಯಾಸ್ಟ್’ ಅನ್ನುತ್ತಾರೆ, ಕನ್ನಡದಲ್ಲಿ ‘ಎರಕ’ ಅಂತ ಮಾಡಿದರೆ ಕಂಚಿನ ಗಂಟೆ ಹೊಯ್ದಂತೆ ಆಗುತ್ತದೆ. ಸಿ ಶಾರ್ಪ್‌ನಲ್ಲಿ ಎರಡು ದಾರಿ ಇದೆ. ‘ಆಸ್’ ಅಂತ ಬರೆದರೆ ಅದು ಬಟನ್ ಆಗಿದ್ದರೆ ಬಟನ್ ಸಿಗುತ್ತದೆ, ಅಲ್ಲದಿದ್ದರೆ ಬರಿಗೈ. ಆವರಣದಲ್ಲಿ ‘ಬಟನ್’ ಅಂತ ಬರೆದು ಮುಂದೆ ಹಾಕಿದರೆ ಅದು ಬಟನ್ನೇ ಆಗಿರಬೇಕು, ಇಲ್ಲದಿದ್ದರೆ ಪ್ರೋಗ್ರಾಮ್ ಅಲ್ಲೇ ಜಗಳಕ್ಕೆ ನಿಲ್ಲುತ್ತದೆ. ಈ ವ್ಯತ್ಯಾಸ ನಮ್ಮಲ್ಲಿ ‘ಆಗಿ’ ಮತ್ತು ‘ಏ’ ಅನ್ನುವ ಎರಡು ಪುಟ್ಟ ತುಣುಕುಗಳಲ್ಲೇ ಇದೆ. ‘ಬಟನ್ನಾಗಿ ನೋಡು’, ‘ಬಟನ್ನೇ ಅಂತ ನೋಡು’. ಅಷ್ಟೇ ಸಾಕು.

ನೋಟ್ಸ್ ಬರೆದು ಹುಡುಗಿಗೆ ಕೊಟ್ಟೆ. ಓದುತ್ತಾ ಒಂದು ಸಾಲಿಗೆ ಬಂದು ನಿಂತಳು. “ಯಾವುದನ್ನು ಬಟನ್ನಾಗಿ ನೋಡಿ, ಅದರ ಯಾರದು ಓದಬೇಕು.” ನಗು ತಡೆಯಲು ಆಗಲಿಲ್ಲ ಅವಳಿಗೆ. “ಮಾವ, ಇದು ಪ್ರಶ್ನೆಯಾ, ಹೇಳಿಕೆಯಾ?”

ಅವಳು ಹೇಳಿದ್ದು ಸರಿ. ಪ್ರಶ್ನೆಯ ಪದ ವಿವರಿಸುವುದಕ್ಕೆ ಚೆನ್ನ. ಹೆಸರಾಗಿ ವಾಕ್ಯದೊಳಗೆ ಕೂರಿಸಿದರೆ ಒದ್ದಾಡುತ್ತದೆ. ವಿಭಕ್ತಿ ಹಚ್ಚಿದ ಕೂಡಲೇ ಅದು ಮತ್ತೆ ಪ್ರಶ್ನೆಯೇ ಆಗುತ್ತದೆ. ಹಾಗಾಗಿ ಹೆಸರಿಗೆ ಬೇರೆ ಪದ ಬೇಕು.

‘ಒತ್ತಿಸಿಕೊಂಡದ್ದು’ ಅಂತ ಅವಳೇ ಒಂದು ಸೂಚಿಸಿದಳು. ಕನ್ನಡದ ‘ಇಸಿಕೊಳ್ಳು’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಟನ್ ಏನೂ ಮಾಡಿಲ್ಲ, ಆದರೂ ಅದಕ್ಕೆ ಏನೋ ಆಗಿದೆ ಅನ್ನುವುದು ಒಂದೇ ಪದದಲ್ಲಿ ಬಂತು. ಆದರೆ ಸೆಂಡರ್ ಬರೀ ಒತ್ತುವುದಕ್ಕೆ ಅಲ್ಲ. ಚೌಕದೊಳಗಿನ ಅಕ್ಷರ ಬದಲಾದರೂ ಸೆಂಡರ್, ಮೌಸ್ ಮೇಲೆ ಹಾದುಹೋದರೂ ಸೆಂಡರ್. ಅದಕ್ಕೆಲ್ಲ ‘ಒತ್ತಿಸಿಕೊಂಡದ್ದು’ ಸಾಲದು.

ಇಲ್ಲಿಂದ ನಾನು ಹಿಂದಕ್ಕೆ ಹೋಗಿ ‘ಇವೆಂಟ್ ಹ್ಯಾಂಡ್ಲರ್’ ಅನ್ನುವುದನ್ನೇ ಹಿಡಿದೆ. ಬಟನ್ ಒತ್ತಿದ್ದು, ಅಕ್ಷರ ಬದಲಾದದ್ದು ಇಂಥವು ಇವೆಂಟ್, ಆಗ ಓಡುವ ಫಂಕ್ಷನ್ ಹ್ಯಾಂಡ್ಲರ್. ಪದ ಪದಕ್ಕೆ ಮಾಡಿದರೆ ‘ಘಟನಾ ನಿರ್ವಾಹಕ’ ಆಗುತ್ತದೆ. ಘಟನೆ ಅಂದರೆ ಪತ್ರಿಕೆಯಲ್ಲಿ ಲಾರಿ ಮಗುಚಿದ್ದು. ನಿರ್ವಾಹಕ ಅಂದರೆ ಸರ್ಕಾರಿ ಬಸ್ಸಿನ ಕಂಡಕ್ಟರ್. ಎರಡೂ ಸೇರಿದರೆ ಎಂಥ ಚಿತ್ರ ಬರುತ್ತದೆ ಹೇಳಬೇಕಾಗಿಲ್ಲ.

ನನಗೆ ಹೊಳೆದದ್ದು ಬೇರೆ ಜೋಡಿ: ಕೂಗು, ಓಗೊಡು. ಇವೆಂಟ್ ಅಂದರೆ ಒಂದು ಕೂಗು. ಅದಕ್ಕೆ ‘ಓ’ ಅನ್ನುವ ಫಂಕ್ಷನ್ ಓಗೊಡುವ ಫಂಕ್ಷನ್. ಸೆಂಡರ್ ಅಂದರೆ ‘ಕೂಗಿದ್ದು’. ಬಟನ್ ಕೂಗಿತು, ಚೌಕ ಕೂಗಿತು, ಯಾವುದಕ್ಕೂ ಹೊಂದುತ್ತದೆ. ‘ಕೂಗಿದ್ದನ್ನು ಬಟನ್ನಾಗಿ ನೋಡಿ, ಅದರ ಚೀಟಿ ಓದು.’ ಈ ವಾಕ್ಯಕ್ಕೆ ಹುಡುಗಿ ನಗಲಿಲ್ಲ.

ಅದೇ ಬೇರಿನಿಂದ ಇನ್ನೊಂದು ಪದವೂ ಸಿಕ್ಕಿತು. ‘ಸ್ಕೋಪ್’ (ಒಂದು ಹೆಸರು ಪ್ರೋಗ್ರಾಮಿನಲ್ಲಿ ಎಲ್ಲಿಯವರೆಗೆ ಸಿಗುತ್ತದೆ) ಅನ್ನುವುದಕ್ಕೆ ‘ವ್ಯಾಪ್ತಿ’ ಅಂತ ಬರೆಯುವುದು ರೂಢಿ. ನಮ್ಮ ಕಡೆ ಮನೆಗಳು ಬೀದಿ ಸಾಲಿನಲ್ಲಿ ಇರುವುದು ಕಡಿಮೆ. ತೋಟದ ನಡುವೆ ಒಂದೊಂದು ಮನೆ. ನೆರೆಮನೆ ಎಷ್ಟು ದೂರ ಅಂದರೆ ‘ಕೂಗಳತೆ’. ಲೂಪಿನೊಳಗೆ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡುವ ಭಾಗ) ಹುಟ್ಟಿಸಿದ ಬಟನ್ನಿನ ಹೆಸರು ಲೂಪಿನ ಹೊರಗಿರುವ ಫಂಕ್ಷನ್ನಿನ ಕೂಗಳತೆಯಲ್ಲಿ ಇಲ್ಲ. ಅದಕ್ಕೇ ನೇರವಾಗಿ ಕರೆಯಲು ಆಗುವುದಿಲ್ಲ, ಸೆಂಡರ್ ಬೇಕಾಗುತ್ತದೆ. ಹೊಸಬರು ತಲೆ ಚಚ್ಚಿಕೊಳ್ಳುವುದು ಸರಿಯಾಗಿ ಈ ಜಾಗದಲ್ಲೇ.

ನಾನೂ ಚಚ್ಚಿಕೊಂಡಿದ್ದೇನೆ. ಈ ಪ್ರೋಗ್ರಾಮಿನ ಮೊದಲ ರೂಪದಲ್ಲಿ ಸೆಂಡರ್ ಬಳಸಲೇ ಇಲ್ಲ. ಲೂಪಿನ ಹೊರಗೆ ‘ಆಳು’ ಅಂತ ಒಂದು ವೇರಿಯೇಬಲ್, ಅಂದರೆ ಮಾಹಿತಿ ತುಂಬಿಡುವ ಪೆಟ್ಟಿಗೆ, ಇಟ್ಟೆ. ಪ್ರತಿ ಸುತ್ತಿಗೂ ಅದರಲ್ಲೇ ಹೊಸಬರನ್ನು ತುಂಬಿದೆ. ಬಟನ್ ಒತ್ತಿದರೆ ‘ಆಳಿನ ಲೆಕ್ಕಕ್ಕೆ ತೂಕ ಸೇರಿಸು’ ಅಂತ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಅಂಟಿಸಿದೆ. ಅವತ್ತು ಸಂಜೆ ತೋಟದಿಂದ ಫೋನ್. “ಸಾರ್, ಕೊನೇ ಸಾಲಿನ ಹೆಂಗಸು ಇವತ್ತು ಒಬ್ಬಳೇ 800 ಕೆಜಿ ಕುಯ್ದಿದ್ದಾಳೆ. ಉಳಿದ 13 ಜನ ಸುಮ್ನೆ ಕೂತಿದ್ದರು ಅಂತ ತೋರಿಸ್ತಾ ಇದೆ!” ಲ್ಯಾಂಬ್ಡಾ ಹಿಡಿದುಕೊಂಡದ್ದು ಆಳನ್ನಲ್ಲ, ‘ಆಳು’ ಅನ್ನುವ ಪೆಟ್ಟಿಗೆಯನ್ನು. ಒತ್ತುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಇದ್ದದ್ದು ಕೊನೆಯವರು ಮಾತ್ರ. ವೇರಿಯೇಬಲನ್ನು ಲೂಪಿನ ಒಳಗೆ ತಂದೆ, ಸರಿಹೋಯಿತು. ಆಮೇಲೆ ಸೆಂಡರ್ ಮತ್ತು ಟ್ಯಾಗಿಗೇ ಬದಲಾಯಿಸಿಕೊಂಡೆ. ಇಂಗ್ಲಿಷಿನಲ್ಲಿ ಈ ಹಿಡಿಯುವುದಕ್ಕೆ ‘ಕ್ಯಾಪ್ಚರ್’ ಅನ್ನುತ್ತಾರೆ. ದಯವಿಟ್ಟು ಯಾರೂ ‘ಸೆರೆ ಹಿಡಿ’ ಅನ್ನಬೇಡಿ. ಕೊಡಗಿನಲ್ಲಿ ಸೆರೆ ಅಂದರೆ ಕಾಡಾನೆ, ದುಬಾರೆಯಿಂದ ಸಾಕಾನೆಗಳು ಬರಬೇಕು. ‘ಹಿಡಿದುಕೊಳ್ಳು’ ಸಾಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ.

ಹೀಗೆ ಓಡುವಾಗ ಹುಟ್ಟುವ ಕಂಟ್ರೋಲಿಗೆ ‘ಡೈನಾಮಿಕ್’ ಅನ್ನುತ್ತಾರೆ. ಅದಕ್ಕೆ ‘ಕ್ರಿಯಾತ್ಮಕ’, ‘ಚಲನಶೀಲ’ ಎರಡೂ ನೋಡಿದ್ದೇನೆ. ಬಟನ್ ಎಲ್ಲೂ ಚಲಿಸುತ್ತಿಲ್ಲ. ನಾನು ನೋಟ್ಸಿನಲ್ಲಿ ‘ಖಾಯಂ ಕಂಟ್ರೋಲ್’, ‘ಸೀಸನ್ ಕಂಟ್ರೋಲ್’ ಅಂತ ಬರೆದೆ. ತೋಟದ ಆಳುಗಳ ಹಾಗೆ. ಊರಿನವರಿಗೆ ಕೂಡಲೇ ಅರ್ಥವಾಗುತ್ತದೆ, ಬೆಂಗಳೂರಿನವರಿಗೆ ಆಗುತ್ತದಾ ನೀವು ಹೇಳಬೇಕು. ‘ಓಡುವಾಗ ಹುಟ್ಟಿದ’ ಅನ್ನುವುದೂ ಇದೆ, ಸ್ವಲ್ಪ ಉದ್ದ.

‘ಕಂಟ್ರೋಲ್’ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ‘ನಿಯಂತ್ರಣ’ ಅಂದರೆ ತಡೆಯುವುದು, ಬಟನ್ ಯಾರನ್ನೂ ತಡೆಯುವುದಿಲ್ಲ. ‘ಗುಂಡಿ’ ಅಂದರೆ ಇಲ್ಲಿ ಕಾಫಿ ಗಿಡ ನೆಡಲು ತೋಡುವುದು.

ಹೆಸರು ಹಿಡಿದು ಹುಡುಕುವ ದಾರಿಯೂ ಇದೆ. ಬಟನ್ನಿಗೆ ‘ನೇಮ್’ ಕೊಟ್ಟು ‘ಕಂಟ್ರೋಲ್ಸ್ ಡಾಟ್ ಫೈಂಡ್’ ಅಂತ ಕೇಳುವುದು. ಅದು ಒಂದನ್ನು ಕೊಡುವುದಿಲ್ಲ, ಪಟ್ಟಿ ಕೊಡುತ್ತದೆ. ಒಂದೇ ಹೆಸರಿನವು ಎರಡು ಇರಬಹುದಲ್ಲ. ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕ) ಇಬ್ಬರು ಲಕ್ಷ್ಮಿ ಇದ್ದಾಗ ನಾವು ಪಡುವ ಪಾಡೇ ಅದಕ್ಕೂ. ಅದಕ್ಕೆ ಇನ್ನೊಂದು ಮಾತೂ ಹೇಳಬೇಕು: ಜಗಲಿಯಲ್ಲಿ ಮಾತ್ರ ನೋಡಬೇಕಾ, ಒಳಕೋಣೆಗಳನ್ನೂ ತಡಕಬೇಕಾ ಅಂತ. ಇಲ್ಲಿ ಪದದ ತಕರಾರು ಏನೂ ಇಲ್ಲ, ‘ಹೆಸರು’ ಹೆಸರೇ.

‘ಡಿಸ್ಪೋಸ್’ ಅನ್ನುವುದಕ್ಕೆ ಮಾತ್ರ ಸರ್ಕಾರಿ ಪದವೇ ಗೆದ್ದಿತು. ಸಾಲುಗಳನ್ನು ‘ಕ್ಲಿಯರ್’ ಮಾಡಿದರೆ ಅವು ಪರದೆಯಿಂದ ಹೋಗುತ್ತವೆ, ಆದರೆ ವಿಂಡೋಸಿನಿಂದ ಪಡೆದ ಗುರುತುಚೀಟಿಯಂಥ ಹ್ಯಾಂಡಲ್‌ಗಳನ್ನು ಅಷ್ಟಕ್ಕೇ ಬಿಟ್ಟುಕೊಡುವುದಿಲ್ಲ. ಒಂದೊಂದನ್ನೂ ‘ವಿಲೇವಾರಿ’ ಮಾಡಬೇಕು. ಕಡತ ಕಣ್ಣಿಗೆ ಕಾಣದಿದ್ದರೆ ವಿಲೇವಾರಿ ಆಯಿತು ಅಂತಲ್ಲ, ಇದು ಎಲ್ಲರಿಗೂ ಗೊತ್ತು.

ಈಗ ನನ್ನ ಪ್ರಶ್ನೆಗಳು. ‘ಓಗೊಡು’ ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಇದೆಯಾ, ಪುಸ್ತಕದಲ್ಲಿ ಮಾತ್ರ ಉಳಿದಿದೆಯಾ? ನಮ್ಮಲ್ಲಿ ಹಿರಿಯರು ‘ಕರೆದರೆ ಓ ಅನ್ನಬಾರದಾ’ ಅಂತ ಬೈಯುತ್ತಾರೆ, ‘ಓಗೊಡಬಾರದಾ’ ಅಂತ ಕೇಳಿದ್ದು ಕಡಿಮೆ. ಹಾಗಿದ್ದರೆ ಫಂಕ್ಷನ್ನಿಗೆ ‘ಓ ಅನ್ನುವ ಫಂಕ್ಷನ್’ ಅಂದರೆ ತೀರಾ ಆಟವಾಡಿದಂತೆ ಕೇಳಿಸುತ್ತದಾ?

‘ಕೂಗು’ ಬಗ್ಗೆಯೂ ಒಂದು ಅನುಮಾನ. ಪತ್ರಿಕೆಯಲ್ಲಿ ‘ರೈತರ ಕೂಗು’ ಅಂದರೆ ಗೋಳು. ಬಟನ್ ಒತ್ತಿದಾಗಲೆಲ್ಲ ಗೋಳು ಕೇಳಿಸಿದರೆ ಕಷ್ಟ. ‘ಕರೆ’ ಅನ್ನೋಣವೆಂದರೆ ಫಂಕ್ಷನನ್ನು ಕರೆಯುವುದು ಅಂತ ಆ ಪದ ಆಗಲೇ ಬೇರೆ ಕೆಲಸಕ್ಕೆ ಸೇರಿದೆ. ‘ಕೂಗಿದ್ದು’ ಅಂತಲೇ ಇಟ್ಟುಕೊಳ್ಳಲಾ, ಇದಕ್ಕಿಂತ ಮೆತ್ತಗಿನದು ಯಾರ ಬಳಿಯಾದರೂ ಇದೆಯಾ? ನಾಲ್ಕನೇ ಪುಟ ಇನ್ನೂ ಖಾಲಿ ಇದೆ.