ಜಾಬೋ ಫ್ರಿಲ್ ಕೆಳಗೆ ಇಳಿಯದೆ ಕತ್ತಿನ ಹತ್ತಿರವೇ ಗುಡ್ಡೆಯಾಗುತ್ತಿದೆ, ಏನು ಮಾಡಲಿ?

ಜಯನಗರದ ಸೂಜಿ:
ಎಲ್ಲರಿಗೂ ನಮಸ್ಕಾರ. ಮಗಳ ಬಿಳಿ ಶರ್ಟಿಗೆ ಬೇಕಾದಾಗ ಹಾಕಿ ತೆಗೆಯೋ ಹಾಗೆ ಒಂದು ಜಾಬೋ ಹೊಲಿಯುತ್ತಿದ್ದೇನೆ. ಹಳೇ ಯುರೋಪಿನ ಗಂಡಸರ ಚಿತ್ರಗಳಲ್ಲಿ ಕತ್ತಿನಿಂದ ಎದೆ ಮೇಲೆ ಇಳಿಬಿದ್ದಿರುತ್ತಲ್ಲ, ಆ ಲೇಸಿನ ಫ್ರಿಲ್. ಅಮೆರಿಕದ ಜಡ್ಜ್ ರೂತ್ ಬೇಡರ್ ಗಿನ್ಸ್‌ಬರ್ಗ್ ಕೂಡ ಕಪ್ಪು ಗೌನಿನ ಮೇಲೆ ಹಾಕುತ್ತಿದ್ದರು. ಪಾಪ್ಲಿನ್‌ನಲ್ಲಿ ಉದ್ದ ಪಟ್ಟಿ ಕತ್ತರಿಸಿ, ಅಂಚಿಗೆ ಚಿಕ್ಕಪೇಟೆಯಿಂದ ತಂದ ನೈಲಾನ್ ಲೇಸ್ ಕೊಟ್ಟು, ಮೇಲೆ ದಾರ ಎಳೆದು ಸುರುಕು ಮಾಡಿದ್ದೇನೆ. ಗಲ್ಲದ ಕೆಳಗೆ ಹೂಕೋಸು ಇಟ್ಟ ಹಾಗೆ ಕೂತಿದೆ! ಲೇಸ್ ಬೇರೆ ಸುರುಳಿ ಸುತ್ತಿಕೊಳ್ಳುತ್ತಿದೆ. ನನ್ನದು ಮಾಮೂಲಿ ಪೆಡಲ್ ಮಷೀನ್.

ಗಾಂಧಿಬಜಾರ್ ಅಜ್ಜಿ:
ತೆಳ್ಳಗೆ ಸಬ್ಬಕ್ಕಿ ಗಂಜಿ ಹಾಕಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಮ್ಮ. ಕಾಟನ್ ಸೀರೆಗೆ ಹಾಕೋ ಹಾಗೇ.

ಫಾಲ್ ಪೀಕೋ ಮಾಸ್ಟರ್:
ಅಜ್ಜಿ, ಇದಕ್ಕೆ ಗಂಜಿ ಬೇಡ. ಗಂಜಿ ಬೇಕಾದದ್ದು ರಫ್‌ಗೆ, ಅಂದರೆ 16ನೇ ಶತಮಾನದಲ್ಲಿ ತಟ್ಟೆಯ ಥರ ಕತ್ತಿನ ಸುತ್ತ ನಿಲ್ಲುತ್ತಿದ್ದ ಕಾಲರ್. ಅದಕ್ಕೆ ಗಂಜಿ ಹಾಕಿ, ಕಾಸಿದ ಕಬ್ಬಿಣದ ಕಡ್ಡಿಯಿಂದ ಮಡಿಕೆಗಳನ್ನು ಕೂರಿಸುತ್ತಿದ್ದರು. ಜಾಬೋ ನಿಲ್ಲಬಾರದು, ಬೀಳಬೇಕು. ಅಲ್ಲದೆ ನೈಲಾನ್ ಗಂಜಿ ಹೀರುವುದಿಲ್ಲ, ಒಣಗಿದ ಮೇಲೆ ಪುಡಿ ಉದುರುತ್ತೆ ಅಷ್ಟೇ.

ಮೇಡಂ, ತೊಂದರೆ ಇರುವುದು ಕಟಿಂಗ್‌ನಲ್ಲಿ. ನೇರ ಪಟ್ಟಿಗೆ ಸುರುಕು ಕೊಟ್ಟರೆ ಬಟ್ಟೆಯೆಲ್ಲ ಹೊಲಿಗೆಯ ಹತ್ತಿರ ಸೇರುತ್ತೆ. ಬಟ್ಟೆಯನ್ನು ದುಂಡಗೆ ಕತ್ತರಿಸಿ. ನಡುವಿನ ಚುಕ್ಕೆಯಿಂದ 5 ಸೆಂ.ಮೀ.ಗೆ ಒಂದು ಸುತ್ತು, 15 ಸೆಂ.ಮೀ.ಗೆ ಇನ್ನೊಂದು ಸುತ್ತು ಗೀರಿಕೊಳ್ಳಿ. ಒಳಗಿನ ಸುತ್ತನ್ನು ಕತ್ತರಿಸಿ ತೆಗೆದು, ಉಂಗುರವನ್ನು ಒಂದು ಕಡೆ ಸೀಳಿ. ಈಗ ಒಳ ಅಂಚು ಸುಮಾರು 31 ಸೆಂ.ಮೀ., ಹೊರ ಅಂಚು 94. ಒಳ ಅಂಚಿಗೆ ಅಲ್ಲಲ್ಲಿ ಸಣ್ಣ ಕಟ್ ಕೊಟ್ಟು ನೇರ ಮಾಡಿ, ಒಂದು ಉದ್ದ ಪಟ್ಟಿಗೆ ಮೇಲಿಂದ ಕೆಳಕ್ಕೆ ಹೊಲಿಯಿರಿ. ಒಂದು ಸುರುಕೂ ಬೇಡ, ಹೊರಗಿನ ಮೂರು ಪಟ್ಟು ಬಟ್ಟೆ ತಾನಾಗಿ ಅಲೆಅಲೆಯಾಗಿ ಇಳಿಯುತ್ತೆ.

ಪಾಪ್ಲಿನ್ ಬಿಡಿ, ದಪ್ಪ ಆಯ್ತು. ಮಲ್‌ಮಲ್ ಅಥವಾ ವಾಯಿಲ್ ತಗೊಳ್ಳಿ. ಕತ್ತರಿಸಿದ್ದನ್ನು ಒಂದು ರಾತ್ರಿ ನೇತುಹಾಕಿ. ಕ್ರಾಸ್ ಬಂದ ಕಡೆ, ಅಂದರೆ ಎಳೆ ಓರೆಯಾದ ಕಡೆ, ಬಟ್ಟೆ ಜಗ್ಗುತ್ತೆ, ಅದನ್ನು ಸಮ ಮಾಡಿದ ಮೇಲೇ ಲೇಸ್ ಹಚ್ಚಿ. ಈ ಹಂತ ಬಿಟ್ಟು ಆಮೇಲೆ ಅಂಚು ಏರುಪೇರಾಯ್ತು ಅಂತ ನನ್ನ ಹತ್ತಿರ ಬರುವವರು ತುಂಬ ಜನ.

ಜಯನಗರದ ಸೂಜಿ:
ಮಾಸ್ಟರ್, ಹಳೇ ವಾಯಿಲ್ ದುಪಟ್ಟಾದಲ್ಲಿ ಮಾಡಿದೆ. ಎಷ್ಟು ಚೆನ್ನಾಗಿ ಇಳಿಯಿತು ಗೊತ್ತಾ! ಒಂದರ ಕೆಳಗೆ ಒಂದು ಎರಡು ಸುತ್ತು ಹಾಕಿದೆ. ಆದರೆ ಲೇಸ್ ಇನ್ನೂ ಸುತ್ತಿಕೊಳ್ಳುತ್ತಿದೆ.

ಫಾಲ್ ಪೀಕೋ ಮಾಸ್ಟರ್:
ಲೇಸನ್ನು ಎಳೆದು ಹಿಡಿದು ಹೊಲಿದಿರಬೇಕು. ಕೈ ಬಿಟ್ಟ ಮೇಲೆ ಅದು ಕುಗ್ಗಿ ಅಂಚನ್ನು ಮಡಚುತ್ತೆ. ದುಂಡು ಅಂಚಿಗೆ ಲೇಸ್ ಕೊಂಚ ಸಡಿಲವೇ ಇರಬೇಕು. ಸೂಜಿ ಯಾವುದು, 16ನೇ ನಂಬರಾ? ಇನ್ನೂ ತೆಳ್ಳಗಿನ 11 ಹಾಕಿ. ಕೆಳಗೆ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಬೇಡ, ಶಾಯಿ ಹತ್ತುತ್ತೆ.

ಮಲ್ಲೇಶ್ವರಂ ಲೇಸ್ ಪ್ರೇಮಿ:
ನನ್ನ ಕೇಳಿದರೆ ನೈಲಾನ್ ಬಿಟ್ಟು ಕಾಟನ್ ಲೇಸ್ ತನ್ನಿ, ಅರ್ಧ ಇಂಚು ಅಗಲ ಸಾಕು. ಹೊಲಿಯೋ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತೆ. ಕೆಲವು ಕಾಟನ್ ಲೇಸಿನ ಮೇಲಂಚಲ್ಲಿ ಒಂದು ದಾರ ಇರುತ್ತೆ, ಅದನ್ನು ಎಳೆದರೆ ಲೇಸ್ ತಾನೇ ದುಂಡಗಾಗುತ್ತೆ. ನೈಲಾನೇ ಇರಲಿ ಅಂದರೆ ಇಸ್ತ್ರಿ ಸಣ್ಣ ಬಿಸಿಯಲ್ಲಿರಲಿ, ಮೇಲೆ ಒಂದು ಬಟ್ಟೆ ಹಾಸಿ. ಕರಗಿದರೆ ಮುಗೀತು.

ಜಯನಗರದ ಸೂಜಿ:
ನೈಲಾನ್ ಬಿಚ್ಚಿದೆ. 11ನೇ ನಂಬರ್ ಸೂಜಿ, ಕಾಟನ್ ಲೇಸ್, ಬಟರ್ ಪೇಪರ್, ಎಲ್ಲ ಹೇಳಿದ ಹಾಗೇ. ಈಗ ಅಂಚು ನೇರ ಕೂತಿದೆ. ಕತ್ತಿನ ಪಟ್ಟಿಗೆ ಹಿಂದೆ ಪ್ರೆಸ್ ಬಟನ್ ಸಾಕಾ, ಹುಕ್ಕೇ ಬೇಕಾ?

ಫಾಲ್ ಪೀಕೋ ಮಾಸ್ಟರ್:
ಪ್ರೆಸ್ ಬಟನ್ ಎರಡು ಹಾಕಿ, ಒಂದೇ ಇದ್ದರೆ ಪಟ್ಟಿ ತಿರುಗುತ್ತೆ. ಹುಕ್ ಲೇಸಿಗೆ ಸಿಕ್ಕಿಕೊಳ್ಳುತ್ತೆ.